ಮೊದಲು ಶಾಯಿ, ಆಮೇಲೆ ಸರ್ಕ್ಯೂಟು

ಕೂಸೇ,

ನೀನು ಕಳಿಸಿದ ವಿಡಿಯೋ ನೋಡಿದೆ. ಒಎಚ್‌ಪಿ ಶೀಟಿನ ಮೇಲೆ ಬೆಳ್ಳಿ ಶಾಯಿಯ ಗೆರೆ, ಗೆರೆಯ ತುದಿಗೆ ಕೆಂಪು ಎಲ್‌ಇಡಿ, ಅದು ಹೊತ್ತಿದ ಕೂಡಲೇ ನಿನ್ನ ಗೆಳತಿಯರ ಬೊಬ್ಬೆ. ನಿನ್ನ ಅಮ್ಮ ಅದನ್ನು ಕುಟುಂಬದ ಗ್ರೂಪಿಗೂ ಹಾಕಿದ್ದಾಳೆ. ಖುಷಿಯ ಸಂಗತಿಯೇ. ಆದರೆ ಗ್ರೂಪಿನಲ್ಲಿ ಹೇಳದೆ ನಿನಗೆ ಮಾತ್ರ ಹೇಳುತ್ತೇನೆ, ಎಲ್‌ಇಡಿ ಹೊತ್ತುವುದು ಅಂಥ ದೊಡ್ಡ ಸಾಕ್ಷಿಯಲ್ಲ ಮಾರಾಯ್ತಿ. ಕೆಲವು ಮಿಲಿಆಂಪಿಯರ್ ಸಿಕ್ಕಿದರೆ ಅದು ಹೊತ್ತುತ್ತದೆ. ನಡುವೆ ನೂರಿನ್ನೂರು ಓಮ್ ಅಡ್ಡ ಬಂದರೂ ಅದಕ್ಕೇನೂ ಆಗುವುದಿಲ್ಲ. ಇಲ್ಲದಿದ್ದರೆ ನಾವೇ ಒಂದು ರೆಸಿಸ್ಟರ್ ತಂದು ಜೋಡಿಸುತ್ತೇವಲ್ಲ! ಗೆರೆ ಒಳ್ಳೆಯದೋ ಹಾಳೋ ಎಂದು ಎಲ್‌ಇಡಿಯನ್ನು ಕೇಳಿದರೆ ಎರಡಕ್ಕೂ ಅದರದ್ದು ಒಂದೇ ಉತ್ತರ.

ಕೇಳಬೇಕಾದದ್ದು ಲೆಕ್ಕವನ್ನು. 1 ಸೆಂಟಿಮೀಟರ್ ಉದ್ದ, 100 ಮೈಕ್ರಾನ್ ಅಗಲ, ಅರ್ಧ ಮೈಕ್ರಾನ್ ದಪ್ಪದ ಗೆರೆ ಅಪ್ಪಟ ಗಟ್ಟಿ ಬೆಳ್ಳಿಯದ್ದಾಗಿದ್ದರೆ ಅದರ ರೋಧ ಸುಮಾರು 3 ಓಮ್. ಅದೇ ಅಳತೆಯ ನಿನ್ನ ಗೆರೆ 30 ಓಮ್ ತೋರಿಸಿದರೆ ಗಟ್ಟಿ ಬೆಳ್ಳಿಗಿಂತ ಹತ್ತು ಪಾಲು ಹಿಂದಿದ್ದೀ ಎಂದಾಯಿತು. ಅದು ನಾಚಿಕೆಪಡಬೇಕಾದ ಅಂಕಿಯಲ್ಲ, ಕೆಲಸ ಶುರುಮಾಡಲು ಒಳ್ಳೆಯ ಅಂಕಿ. ಮಲ್ಟಿಮೀಟರಿನ ಎರಡು ಮೊನೆ ಒತ್ತಿ ಅಳೆದರೆ ಮೊನೆ ತಾಗಿದಲ್ಲಿನ ರೋಧವೂ ಸೇರಿಕೊಳ್ಳುತ್ತದೆ, ಮೊನೆ ಗೆರೆಯನ್ನು ಕೆರೆದೂ ಹಾಕುತ್ತದೆ. ನಾಲ್ಕು ತಂತಿಯಲ್ಲಿ ಅಳೆಯುವುದನ್ನು ಕಲಿ. ಆಮೇಲೆ ಶೀಟನ್ನು ಒಂದು ಪೆನ್ನಿಗೆ ಸುತ್ತಿ, ಬಿಡಿಸಿ, ಇನ್ನೊಮ್ಮೆ ಅಳೆ. ಬಾಗುವ ಎಲೆಕ್ಟ್ರಾನಿಕ್ಸ್ ಎಂದು ಪ್ರಾಜೆಕ್ಟಿಗೆ ಹೆಸರಿಟ್ಟ ಮೇಲೆ ಬಾಗಿಸಿ ನೋಡದೆ ಇರಬಾರದಲ್ಲ.

ನನಗೆ ಹೇಳಲಿಕ್ಕಿರುವುದು ಇದಕ್ಕಿಂತ ಹಿಂದಿನ ಮಾತು. ಎಲೆಕ್ಟ್ರಾನಿಕ್ಸ್ ಕಲಿಯುವ ಮಕ್ಕಳಿಗೆ ಒದ್ದೆ ಕೆಲಸವೆಂದರೆ ಒಂದು ನಮೂನೆಯ ತಾತ್ಸಾರ. ಶಾಯಿ ಅಂಗಡಿಯಿಂದ ಬರುತ್ತದೆ, ಪ್ರಿಂಟರ್ ಬಿಡಿಸುತ್ತದೆ, ನಮ್ಮ ಕೆಲಸ ಡಿಸೈನ್ ಮಾಡುವುದು ಎಂದುಕೊಳ್ಳುತ್ತೀರಿ. ಈ ವಿದ್ಯೆಯ ಮುಕ್ಕಾಲು ಪಾಲು ಇರುವುದು ಒದ್ದೆಯಲ್ಲಿಯೇ: ಶಾಯಿ ಬಾಟಲಿಯಲ್ಲಿ ಹೇಗೆ ಕೂತಿದೆ, ಹನಿ ಹೇಗೆ ಕಡಿದುಕೊಂಡಿತು, ಬಿದ್ದಲ್ಲಿ ಎಷ್ಟು ಹರಡಿತು, ಹೇಗೆ ಒಣಗಿತು. ಸರ್ಕ್ಯೂಟು ಕೊನೆಯ ಕಾಲು ಭಾಗ. ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತನಾದವನು ತನ್ನ ವಿಷಯವನ್ನೇ ಹೊಗಳಿಕೊಳ್ಳುತ್ತಾನೆ ಎಂದು ನೀನು ನಗಬಹುದು. ನಗು, ಆದರೆ ಓದು.

ಬಾಟಲಿಯಲ್ಲಿ ಇರುವುದೇನು? ಕೆಲವು ಹತ್ತು ನ್ಯಾನೊಮೀಟರ್ ದಪ್ಪದ ಬೆಳ್ಳಿ ಕಣಗಳು. ಮನೆಯ ಬೆಳ್ಳಿ ಹರಿವಾಣ ಕರಗಬೇಕಾದರೆ 961 ಡಿಗ್ರಿ ಸೆಲ್ಸಿಯಸ್ ಬೇಕು. ಅದೇ ಬೆಳ್ಳಿ ಇಷ್ಟು ಸಣ್ಣ ಕಣವಾದಾಗ, ಅದರ ಪರಮಾಣುಗಳಲ್ಲಿ ಹೊರಮೈಯಲ್ಲಿರುವ ಪಾಲು ಎಷ್ಟೋ ಹೆಚ್ಚುವುದರಿಂದ, 150 ಡಿಗ್ರಿಯ ಆಸುಪಾಸಿನಲ್ಲೇ ಕಣಕ್ಕೆ ಕಣ ಬೆಸೆದುಕೊಳ್ಳುತ್ತದೆ. ಪ್ಲಾಸ್ಟಿಕ್ಕಿನ ಮೇಲೆ ಲೋಹದ ಗೆರೆ ಎಳೆಯುವ ಇಡೀ ಉಪಾಯ ನಿಂತಿರುವುದು ಇದರ ಮೇಲೆ. ಆದರೆ ಅಷ್ಟು ಸುಲಭದಲ್ಲಿ ಬೆಸೆಯುವ ಕಣಗಳು ಬಾಟಲಿಯಲ್ಲೇ ಬೆಸೆದುಕೊಂಡರೆ? ಹಾಗಾಗದಂತೆ ಪ್ರತಿ ಕಣಕ್ಕೂ ಸಾವಯವ ವಸ್ತುವಿನ ಒಂದು ತೆಳು ಹೊದಿಕೆ ಹಾಕುತ್ತಾರೆ. ಆ ಹೊದಿಕೆ ವಿದ್ಯುತ್ತನ್ನು ಬಿಡುವುದಿಲ್ಲ. ಬಾಟಲಿಯಲ್ಲಿ ಕಾಯುವುದು ಯಾವುದೋ, ಶೀಟಿನ ಮೇಲೆ ಅಡ್ಡ ನಿಲ್ಲುವುದೂ ಅದೇ. ಗಟ್ಟಿ ಹೊದಿಕೆ ಹಾಕಿದರೆ ಶಾಯಿ ವರ್ಷಗಟ್ಟಲೆ ಕೆಡುವುದಿಲ್ಲ, ಗೆರೆ ಕರೆಂಟು ಹರಿಸುವುದಿಲ್ಲ. ಸಡಿಲ ಹೊದಿಕೆ ಹಾಕಿದರೆ ಶಾಯಿ ತಳ ಹಿಡಿಯುತ್ತದೆ. ಈ ಎರಡರ ನಡುವೆ ದಾರಿ ಹುಡುಕುವುದೇ ಶಾಯಿ ಮಾಡುವವರ ಕಸುಬು.

ಇದು ಗೊತ್ತಿದ್ದರೆ, ನಿಮ್ಮ ಕಾಲೇಜಿನಲ್ಲಿ ಯಾರೋ ಸೂಚಿಸಿದ ಎರಡನೇ ಪ್ರಾಜೆಕ್ಟಿನ ಬಗ್ಗೆ ನಾನು ಯಾಕೆ ಮುಖ ಸಿಂಡರಿಸಿದೆ ಎಂದು ಅರ್ಥವಾದೀತು. ಅಡಿಕೆ ಸಿಪ್ಪೆಯ ಕಷಾಯಕ್ಕೆ ಸಿಲ್ವರ್ ನೈಟ್ರೇಟ್ ಹಾಕುವುದು, ನೀರು ಕಂದಾಗುವುದು, ಬೆಳಕಿನ ಹೀರಿಕೆ ಅಳೆಯುವ ಯಂತ್ರದಲ್ಲಿ 420 ನ್ಯಾನೊಮೀಟರಿನ ಹತ್ತಿರ ಒಂದು ಗುಡ್ಡೆ ಕಾಣುವುದು, ಅಲ್ಲಿಗೆ ಹಸಿರು ವಿಧಾನದಲ್ಲಿ ನ್ಯಾನೊ ಬೆಳ್ಳಿ ತಯಾರು. ಸಿಪ್ಪೆಯಲ್ಲಿರುವ ಟ್ಯಾನಿನ್‌ಗಳು ಬೆಳ್ಳಿಯನ್ನು ಕಣವಾಗಿಸುತ್ತವೆ ಎಂಬುದು ನಿಜವೇ, ಒಳ್ಳೆಯ ಪ್ರಯೋಗವೇ. ಆದರೆ ಆ ಟ್ಯಾನಿನ್ನೇ ಕಣದ ಮೈಗೆ ದಪ್ಪವಾಗಿ ಮೆತ್ತಿಕೊಳ್ಳುತ್ತದೆ. ಮತ್ತೆ, ಆ ಕಂದು ನೀರಿನಲ್ಲಿ ಬೆಳ್ಳಿ ಇರುವುದು ತೀರಾ ಅಲ್ಪ. ಅಚ್ಚಿಗೆ ಬಳಸುವ ಶಾಯಿಯಲ್ಲಿ ತೂಕದ ಐದರಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೆಳ್ಳಿ ಇರುತ್ತದೆ. ಕಣ ಮಾಡಿದವರೆಲ್ಲ ಶಾಯಿ ಮಾಡಿದವರಲ್ಲ. ಆ ಪ್ರಾಜೆಕ್ಟು ಬೇಕಾದರೆ ತೆಗೆದುಕೋ, ಹೊದಿಕೆಯನ್ನು ತೆಗೆಯುವುದು ಹೇಗೆ ಎಂಬ ಪ್ರಶ್ನೆಯನ್ನೂ ಜೊತೆಗೆ ತೆಗೆದುಕೋ.

ಈಗ ನಿನ್ನ ಅಜ್ಜನ ಮನೆಯಲ್ಲಿ ಅಡಿಕೆಗೆ ಬಿಡುವ ಮದ್ದಿನ ಡ್ರಮ್ಮಿನ ಹತ್ತಿರ ಬಾ. ಶಾಯಿಯ ವಿಚಾರ ಅಲ್ಲಿ ಕಲಿತಷ್ಟು ಚೆನ್ನಾಗಿ ಬೇರೆ ಕಡೆ ಕಲಿಯಲಿಕ್ಕಾಗದು. 1 ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಇದು ಶೇಕಡಾ 1ರ ಬೋರ್ಡೋ ದ್ರಾವಣ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ದು ಕಲಕಿದಾಗ ತಿಳಿನೀಲಿ ಮದ್ದು ಏಳುತ್ತದಲ್ಲ, ಅದೂ ಕಣಗಳ ತೇಲಾಟವೇ. ಹೊಸತರಲ್ಲಿ ಕಣ ನಯವಾಗಿರುತ್ತದೆ, ಗೊನೆಗೆ ಬಿದ್ದರೆ ಅಂಟಿಕೊಳ್ಳುತ್ತದೆ. ಮರುದಿನಕ್ಕೆ ಇಟ್ಟರೆ ಕಣ ಉರುಟಾಗಿ ತಳ ಸೇರುತ್ತದೆ, ಮಳೆಗೆ ತೊಳೆದು ಹೋಗುತ್ತದೆ. ಹಾಗಾಗಿ ಮಾಡಿದ ದಿನವೇ ಬಿಟ್ಟು ಮುಗಿಸುವುದು. ಸುಣ್ಣವನ್ನು ಬಟ್ಟೆಯಲ್ಲಿ ಸೋಸದೆ ಹಾಕಿದರೆ ಏನಾಗುತ್ತದೆಂದು ಮದ್ದು ಬಿಡುವವರನ್ನು ಕೇಳು. ಮರದ ತುದಿಯಲ್ಲಿ ಕೂತವನ ನಾಜಲ್ ಕಟ್ಟಿದರೆ ಅವನ ಬಾಯಿಂದ ಬರುವ ಮಾತು ಬರೆಯುವಂಥದ್ದಲ್ಲ. ಮೇಣದಂಥ ಕಾಯಿಯ ಮೈಮೇಲೆ ಹನಿ ಉರುಳಿ ಬೀಳದೆ ಹರಡಿ ಕೂರಲೆಂದು ಅಂಟು ಸೇರಿಸುತ್ತೇವೆ. ತಾಜಾತನ, ಸೋಸುವಿಕೆ, ನಾಜಲ್, ಹರಡುವಿಕೆ, ಈ ನಾಲ್ಕನ್ನೇ ನಿನ್ನ ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯ ಮಾಡಿ ಬರೆದಿದ್ದಾರೆ. ಅಡಿಕೆಯ ಕೊಳೆರೋಗದ ಬಗ್ಗೆ 1910ರಲ್ಲಿ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್‌ಮನ್ ಬರೆದ ವರದಿಯ ಕಾಲದಿಂದ ನಮ್ಮವರು ಈ ಮದ್ದಿನ ಜೊತೆಗೇ ಇದ್ದಾರೆ.

ಒಂದು ಸಂಗತಿ ನೀನೇ ಮಾಡಿ ನೋಡು. ಮದ್ದಿನ ಹದ ನೋಡಲು ಉಜ್ಜಿ ಹೊಳಪು ಮಾಡಿದ ಪೀಶಕತ್ತಿಯ ಅಲಗನ್ನು ಡ್ರಮ್ಮಿಗೆ ಅದ್ದಿ ಸ್ವಲ್ಪ ಹೊತ್ತು ಹಿಡಿಯುತ್ತಾರೆ. ಅಲಗು ಹಾಗೆಯೇ ಬಂದರೆ ಮದ್ದು ಸರಿಯಾಗಿದೆ. ಕೆಂಪಗೆ ಪೊರೆ ಹಿಡಿದರೆ ಸುಣ್ಣ ಸಾಲದು. ಆ ಕೆಂಪು ಪೊರೆ ತಾಮ್ರ. ನೀರಿನಲ್ಲಿ ಕರಗಿದ್ದ ತಾಮ್ರ ಕಬ್ಬಿಣದ ಮೇಲೆ ಲೋಹವಾಗಿ ಕೂತದ್ದು. ಬೆಂಕಿಯಿಲ್ಲ, ಕರಗಿಸುವ ಮೂಸೆಯಿಲ್ಲ. ಪ್ಲಾಸ್ಟಿಕ್ ಮೇಲೆ ಮೊದಲು ಬೀಜದಂತೆ ಒಂದು ತೆಳು ಗೆರೆ ಅಚ್ಚು ಹಾಕಿ, ಆಮೇಲೆ ಅದನ್ನು ದ್ರಾವಣದಲ್ಲಿ ಮುಳುಗಿಸಿ ಅದರ ಮೇಲಷ್ಟೇ ತಾಮ್ರ ಬೆಳೆಸುವ ಪದ್ಧತಿ ಇದೆ. ನಡೆಯುವ ರಸಾಯನ ಬೇರೆ, ಆದರೆ ದ್ರಾವಣದಿಂದ ಲೋಹ ಇಳಿಸುವ ಯೋಚನೆ ಒಂದೇ. ತಾಮ್ರ ಬೆಳ್ಳಿಗಿಂತ ಎಷ್ಟೋ ಅಗ್ಗ. ಅದರ ತಕರಾರು ಒಂದೇ, ನ್ಯಾನೊ ಕಣವಾದಾಗ ಗಾಳಿ ತಾಗಿದರೆ ಬೇಗನೆ ಆಕ್ಸೈಡಾಗುತ್ತದೆ.

ಹನಿಯ ವಿಚಾರಕ್ಕೆ ಬರೋಣ. ಪ್ರಯೋಗಾಲಯದ ಇಂಕ್‌ಜೆಟ್ ಯಂತ್ರ ಒಮ್ಮೆಗೆ ಉಗಿಯುವ ಹನಿ ಸುಮಾರು 10 ಪಿಕೊಲೀಟರ್. ಒಂದು ಮಿಲಿಲೀಟರ್ ಶಾಯಿಯಲ್ಲಿ ಅಂಥ ಹನಿ ಹತ್ತು ಕೋಟಿ. ಹನಿಯ ಅಡ್ಡಳತೆ 27 ಮೈಕ್ರಾನ್ ಹತ್ತಿರ, ಅಂದರೆ ತಲೆಗೂದಲಿನ ಅರ್ಧಕ್ಕಿಂತ ಕಡಿಮೆ. ನಾಜಲ್ 20 ಮೈಕ್ರಾನ್ ಚಿಲ್ಲರೆ ಇದ್ದರೆ, ಅದರ ನೂರರಲ್ಲೊಂದು ಪಾಲಿಗಿಂತ ದೊಡ್ಡ ಕಣ ಶಾಯಿಯಲ್ಲಿ ಇರಬಾರದು ಎಂಬುದು ಈ ಕಸುಬಿನವರ ರೂಢಿ. ಹಾಗಾಗಿ 0.2 ಮೈಕ್ರಾನ್ ಫಿಲ್ಟರಿನಲ್ಲಿ ಸೋಸದೆ ಹಾಕಬೇಡ. ಶಾಯಿ ನೀರಿನಷ್ಟು ತೆಳುವಾದರೆ ಹನಿಯ ಹಿಂದೆ ಬಾಲ ಕಡಿದು ಪುಡಿ ಹನಿಗಳು ಅಕ್ಕಪಕ್ಕ ಬೀಳುತ್ತವೆ, ಎರಡು ಗೆರೆಗಳ ನಡುವೆ ಶಾರ್ಟ್ ಆಗುತ್ತದೆ. ತೀರಾ ಮಂದವಾದರೆ ಹನಿಯೇ ಕಳಚುವುದಿಲ್ಲ. ನೀರಿನ ಹತ್ತು ಪಾಲು ಮಂದ, ನೀರಿನ ಅರ್ಧಕ್ಕಿಂತ ಕಡಿಮೆ ಮೇಲ್ಮೈ ಸೆಳೆತ, ಹೀಗೆ ಹಿಡಿದುಕೊಂಡು ಶುರುಮಾಡು. ಮನೆ ಪ್ರಿಂಟರನ್ನೇ ಬಿಚ್ಚಿ ಬಳಸುವುದಾದರೆ ಎಪ್ಸನ್‌ನಂಥ, ಬಿಸಿ ಮಾಡದೆ ಹರಳಿನ ಮಿಡಿತದಿಂದ ಹನಿ ತಳ್ಳುವ ಪೀಜೋ ಯಂತ್ರ ಹುಡುಕು. ಎಚ್‌ಪಿ, ಕ್ಯಾನನ್‌ಗಳಲ್ಲಿ ಹೆಚ್ಚಿನವು ಶಾಯಿಯನ್ನು ಕ್ಷಣಕಾಲ ಕುದಿಸಿ, ಗುಳ್ಳೆ ಎಬ್ಬಿಸಿ ಹನಿ ತಳ್ಳುತ್ತವೆ. ಕುದಿಸುವ ಕಡೆ ನ್ಯಾನೊ ಬೆಳ್ಳಿ ಕೊಂಡುಹೋಗುವುದು ಯಾಕೆ?

ದೊಡ್ಡ ಯಂತ್ರ ಇಲ್ಲ ಎಂದು ಅಳಬೇಡ. 2013ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಕವಾಹರ ಮತ್ತು ಅವರ ಸಂಗಾತಿಗಳು ಅಂಗಡಿಯಲ್ಲಿ ಸಿಗುವ ಬ್ರದರ್ ಪ್ರಿಂಟರಿಗೆ ಬೆಳ್ಳಿ ಶಾಯಿ ತುಂಬಿಸಿ, ವಿಶೇಷ ಕಾಗದದ ಮೇಲೆ ಬಿಸಿ ಮಾಡದೆಯೇ ಸರ್ಕ್ಯೂಟು ಅಚ್ಚು ಹಾಕಿ ತೋರಿಸಿದರು. ಎಲ್ಲ ಸೇರಿ ಸುಮಾರು 300 ಡಾಲರಿನಲ್ಲಿ.

ಅಂಥದ್ದಕ್ಕೆ ಕೈ ಹಾಕುವ ಮೊದಲು ಪೇಟೆಯ ಫ್ಲೆಕ್ಸ್ ಅಂಗಡಿಗೆ ಹೋಗು. ಪುತ್ತೂರಿನಲ್ಲಿ, ಸುಳ್ಯದಲ್ಲಿ ಬ್ರಹ್ಮಕಲಶದ ಬ್ಯಾನರ್, ಹುಟ್ಟುಹಬ್ಬದ ಬ್ಯಾನರ್ ಮುದ್ರಿಸುವ ಆ ಉದ್ದದ ಯಂತ್ರ ಯಾವುದೆಂದುಕೊಂಡೆ? ಅದೂ ಪೀಜೋ ಹೆಡ್ಡಿನ ಇಂಕ್‌ಜೆಟ್ಟೇ, ಅದೂ ಬಾಗುವ ಶೀಟಿನ ಮೇಲೆ. ನೀನು ಪ್ರಬಂಧಗಳಲ್ಲಿ ಓದುವುದನ್ನು ಆ ಅಂಗಡಿಯ ಹುಡುಗ ದಿನಾ ಬೆಳಗ್ಗೆ ಮಾಡುತ್ತಾನೆ. ಅಂಗಡಿ ತೆಗೆದ ಕೂಡಲೇ ಅವನು ಮೊದಲು ಹೊಡೆಯುವುದು ಬ್ಯಾನರನ್ನಲ್ಲ, ನಾಜಲ್ ಚೆಕ್ ಪಟ್ಟಿಯನ್ನು. ಸಣ್ಣ ಸಣ್ಣ ಗೀಟುಗಳ ಮೆಟ್ಟಿಲು. ಎಲ್ಲಿ ಒಂದು ಗೀಟು ಕಾಣುವುದಿಲ್ಲವೋ ಅಲ್ಲಿ ಒಂದು ನಾಜಲ್ ಕಟ್ಟಿದೆ. ಹೆಡ್ ಕ್ಲೀನಿಂಗ್ ಕೊಡುತ್ತಾನೆ, ಮತ್ತೆ ಹೊಡೆಯುತ್ತಾನೆ. ಕರೆಂಟು ಹೋದಾಗ ಹೆಡ್ಡು ಮುಚ್ಚಳದ ಮೇಲೆ ಕೂರದೆ ನಡುವೆಯೇ ನಿಂತರೆ ಒಣಗುತ್ತದೆಂದು ಅವನಿಗೆ ಗಾಬರಿ. ಜುಲೈಯಲ್ಲಿ ಶಾಯಿ ಒಣಗುವುದಿಲ್ಲ, ಮಾರ್ಚಿನಲ್ಲಿ ಬೇಕಾದ್ದಕ್ಕಿಂತ ಬೇಗ ಒಣಗುತ್ತದೆ ಎಂಬುದು ಅವನಿಗೆ ಪಾಠ ಓದಿ ಗೊತ್ತಾದದ್ದಲ್ಲ. ಒಂದಷ್ಟು ದಿನ ಅವನ ಹತ್ತಿರ ಕೂತು ನೋಡು. ಡಿಗ್ರಿ ಓದುತ್ತಿರುವವಳು ಎಂಬ ಗತ್ತು ಬಾಗಿಲ ಹೊರಗೆ ಇರಲಿ, ಅವನನ್ನು ಅಣ್ಣ ಎಂದೇ ಕರೆ.

ಒಣಗುವ ಮಾತು ಬಂತಲ್ಲ, ಹೆಚ್ಚಿನವರು ಎಡವುವುದು ಅಲ್ಲೇ. ಕಾಫಿ ಚೆಲ್ಲಿ ಒಣಗಿದರೆ ಕಲೆಯ ನಡುವೆ ತಿಳಿ, ಅಂಚಿಗೆ ಕಪ್ಪು ಬಳೆ ಉಳಿಯುತ್ತದೆ. ಯಾಕೆ ಎಂದು ಸರಿಯಾಗಿ ಬಿಡಿಸಿ ಹೇಳಿದ್ದು 1997ರಲ್ಲಿ, ಶಿಕಾಗೋ ವಿಶ್ವವಿದ್ಯಾಲಯದ ಡೀಗನ್ ಮತ್ತು ಅವರ ಜೊತೆಯವರು. ಹನಿಯ ಅಂಚು ಹಿಡಿದ ಜಾಗ ಬಿಡುವುದಿಲ್ಲ, ಅಂಚಿನಲ್ಲಿ ಆವಿಯಾಗುವುದು ಹೆಚ್ಚು, ಅದನ್ನು ತುಂಬಿಸಲು ನಡುವಿನ ದ್ರವ ಹೊರಗೆ ಹರಿಯುತ್ತದೆ, ಹರಿಯುವಾಗ ಕಣಗಳನ್ನೂ ಹೊತ್ತೊಯ್ಯುತ್ತದೆ. ನಿನ್ನ ಬೆಳ್ಳಿ ಗೆರೆಗೂ ಇದೇ ಗತಿ. ಎರಡು ಅಂಚಿನಲ್ಲಿ ದಿಣ್ಣೆ, ನಡುವೆ ಬರಿದು. ಕಣ್ಣಿಗೆ ಗೆರೆ ತುಂಬಿದಂತೆ ಕಾಣುತ್ತದೆ, ಮೈಕ್ರೋಸ್ಕೋಪಿಗೆ ಹಿಡಿದರೆ ಬಂಡವಾಳ ಬಯಲಾಗುತ್ತದೆ. ನಿಧಾನಕ್ಕೆ ಆರುವ ಎಥಿಲೀನ್ ಗ್ಲೈಕಾಲ್‌ನಂಥ ದ್ರವ ಸ್ವಲ್ಪ ಬೆರೆಸಿದರೆ ಒಳಮುಖ ಹರಿವು ಹುಟ್ಟಿ ಗೆರೆ ಸಮವಾಗುತ್ತದೆ. ಎಷ್ಟು ಬೆರೆಸಬೇಕೆಂಬುದು ಆ ದಿನದ ಗಾಳಿಯ ತೇವದ ಮೇಲೂ ನಿಂತಿದೆ. ಹಾಗಾಗಿ ಪ್ರತಿ ಶೀಟಿನ ಹಿಂದೆ ಆ ದಿನದ ತಾಪ, ತೇವಾಂಶ ಬರೆದಿಡು. ಒಣಗುವಾಗಿನ ಬಿರುಕನ್ನೇ ಕೆಲಸಕ್ಕೆ ಹಚ್ಚಿದವರೂ ನಮ್ಮಲ್ಲೇ ಇದ್ದಾರೆ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಜಿ.ಯು. ಕುಲಕರ್ಣಿಯವರ ತಂಡ ಒಂದು ಲೇಪ ಹಚ್ಚಿ, ಅದು ಒಣಗಿ ತಾನಾಗಿ ಬಲೆಯಂತೆ ಬಿರಿಯಲು ಬಿಟ್ಟು, ಬಿರುಕುಗಳಿಗೆ ಲೋಹ ಇಳಿಸಿ, ಲೇಪವನ್ನು ತೊಳೆದು ತೆಗೆಯಿತು. ಉಳಿದದ್ದು ಕಣ್ಣಿಗೆ ಕಾಣದಷ್ಟು ಸಪುರದ ಲೋಹದ ಬಲೆ, ಅಂದರೆ ಬೆಳಕೂ ಹಾಯುವ, ವಿದ್ಯುತ್ತೂ ಹರಿಯುವ ಹಾಳೆ. 2014ರ ಸುಮಾರಿಗೆ ಈ ಕೆಲಸ ಪ್ರಕಟವಾಯಿತು. ಹುಡುಕಿ ಓದು, ಲೇಪದ ದಪ್ಪಕ್ಕೂ ಬಿರುಕಿಗೂ ಇರುವ ಸಂಬಂಧ ನಿನಗೆ ಬೇಕಾಗುತ್ತದೆ.

ಬಿಸಿ ಮಾಡುವಾಗ ನಿನ್ನ ಒಎಚ್‌ಪಿ ಶೀಟು ಮುದುಡಿತು ಎಂದೆ. ಅದು ಪಿಇಟಿ, ನಮ್ಮ ಮಿನರಲ್ ವಾಟರ್ ಬಾಟಲಿಯದೇ ಜಾತಿ, 150ಕ್ಕೆ ಮುದುಡದೆ ಇನ್ನೇನು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಹಳದಿ ಬಣ್ಣದ, ಬಿಸಿ ತಾಳುವ ಟೇಪು ಇರುತ್ತದಲ್ಲ, ಅದು ಪಾಲಿಇಮೈಡ್, 300 ಡಿಗ್ರಿಗೂ ಜಗ್ಗದು. ಮೊಬೈಲಿನ ಡಿಸ್‌ಪ್ಲೇಯಿಂದ ಬೋರ್ಡಿಗೆ ಹೋಗುವ ತೆಳು ಪಟ್ಟಿಯೂ ಅದರದ್ದೇ. ಬೆಲೆ ಮಾತ್ರ ಕೈ ಕಚ್ಚುತ್ತದೆ. ಬಿಸಿಯೇ ಇಲ್ಲದ ದಾರಿಗಳೂ ಇವೆ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಮಗ್ದಾಸಿಯವರ ತಂಡ 2010ರಲ್ಲಿ ವಿರುದ್ಧ ವಿದ್ಯುದಂಶದ ಪಾಲಿಮರ್ ತಾಗಿಸಿಯೇ ಕೋಣೆಯ ತಾಪದಲ್ಲಿ ಬೆಳ್ಳಿ ಕಣಗಳನ್ನು ಬೆಸೆಯಿತು. 2012ರಲ್ಲಿ ಇಲಿನಾಯ್ಸ್ ವಿಶ್ವವಿದ್ಯಾಲಯದ ವಾಕರ್ ಮತ್ತು ಲೂಯಿಸ್ ಕಣವೇ ಇಲ್ಲದ ಶಾಯಿ ಮಾಡಿದರು: ಸಿಲ್ವರ್ ಅಸಿಟೇಟ್, ಅಮೋನಿಯ, ಫಾರ್ಮಿಕ್ ಆಸಿಡ್. 90 ಡಿಗ್ರಿಗೆ ಕಾಯಿಸಿದರೆ ಗಟ್ಟಿ ಬೆಳ್ಳಿಗೆ ಸಮನಾದ ಗೆರೆ. ಇದರಲ್ಲಿ ಎರಡು ಕಡಬದ ಕಡೆಯ ರಬ್ಬರ್ ಶೆಡ್ಡುಗಳಲ್ಲಿ ಇರುವಂಥವೇ, ಹಾಲು ಹೆಪ್ಪಾಗದಂತೆ ಅಮೋನಿಯ, ಶೀಟು ಹೊಡೆಯಲು ಫಾರ್ಮಿಕ್. ಹಾಗೆಂದು ಶೆಡ್ಡಿನ ಕ್ಯಾನಿನಿಂದ ತಂದು ಹಾಸ್ಟೆಲಿನಲ್ಲಿ ಬೆರೆಸಿಬಿಟ್ಟೀಯೆ! ಲ್ಯಾಬಿನ ಶುದ್ಧ ಸರಕು, ಹೊಗೆ ಎಳೆಯುವ ಫ್ಯೂಮ್ ಹುಡ್, ಪಕ್ಕದಲ್ಲಿ ನಿಮ್ಮ ಲ್ಯಾಬ್ ಮೇಡಂ, ಮೂರೂ ಇದ್ದರೆ ಮಾತ್ರ.

ಇನ್ನೊಂದು ಮಾತು ನಿನ್ನ ಗೈಡಿಗೆ ರುಚಿಸಲಿಕ್ಕಿಲ್ಲ. ಲೋಕದಲ್ಲಿ ಈಗಾಗಲೇ ಮನೆಮನೆಗೆ ಬಂದಿರುವ ಅಚ್ಚಿನ ಎಲೆಕ್ಟ್ರಾನಿಕ್ಸ್‌ನಲ್ಲಿ ಹೆಚ್ಚಿನದು ಇಂಕ್‌ಜೆಟ್ ಅಲ್ಲ. ನಾನು ಬೆಳಗ್ಗೆ ಬೆರಳು ಚುಚ್ಚಿ ಶುಗರ್ ನೋಡುವ ಪಟ್ಟಿಯಲ್ಲಿ, ಮಾಡಿನ ಮೇಲಿನ ಸೋಲಾರ್ ಪ್ಯಾನೆಲಿನ ಬೆಳ್ಳಿ ಗೀಟುಗಳಲ್ಲಿ, ಕಂಪ್ಯೂಟರ್ ಕೀಬೋರ್ಡಿನ ಒಳಗಿನ ಹಾಳೆಯಲ್ಲಿ ಇರುವುದು ಬಹುಮಟ್ಟಿಗೆ ಸ್ಕ್ರೀನ್ ಪ್ರಿಂಟಿಂಗ್. ಮದುವೆ ಕಾಗದ, ಬಟ್ಟೆ ಚೀಲ ಮುದ್ರಿಸುವವರು ಮಾಡುವ ಅದೇ ಜಾಲರಿ, ಅದೇ ಎಳೆಯುವ ರಬ್ಬರ್ ಪಟ್ಟಿ. ದಪ್ಪ ಗೆರೆ ಬೇಕು, ಲಕ್ಷಗಟ್ಟಲೆ ಬೇಕು ಎಂದಾದರೆ ಅದೇ ಸರಿ. ಇಂಕ್‌ಜೆಟ್ಟಿನ ಜಾಗ ಬೇರೆ: ಬೆಳಗ್ಗೆ ಒಂದು ಡಿಸೈನು, ಮಧ್ಯಾಹ್ನ ಇನ್ನೊಂದು, ಹತ್ತು ಪ್ರತಿ ಸಾಕು, ಮುಟ್ಟಿದರೆ ಹಾಳಾಗುವ ಮೈ, ಗ್ರಾಮಿಗೆ ಬೆಲೆ ಕೊಟ್ಟು ತಂದ ವಸ್ತುವಿನಲ್ಲಿ ಒಂದು ಹನಿಯೂ ದಂಡವಾಗಬಾರದು ಎಂಬಂಥ ಕಡೆ. ನಿನ್ನ ಕೆಲಸಕ್ಕೆ ಸ್ಕ್ರೀನೇ ಸರಿಯೆಂದಾದರೆ ಮರ್ಜಿ ಬಿಟ್ಟು ಅದನ್ನೇ ಮಾಡು.

ಈಗ ನಿನ್ನ ಸೆನ್ಸರಿನ ವಿಷಯ. ಅಡಿಕೆ ಗೊನೆ ಎಷ್ಟು ಹೊತ್ತು ಒದ್ದೆಯಾಗಿತ್ತು ಎಂದು ಅಳೆಯುವ ಪಟ್ಟಿ ಮಾಡುತ್ತೇನೆ, ಅದರಿಂದ ಕೊಳೆರೋಗದ ಸುಳಿವು ಸಿಗುತ್ತದೆ ಎಂದೆಯಲ್ಲ, ಯೋಚನೆ ಚೆನ್ನಾಗಿದೆ. ಬಿಡದೆ ಸುರಿಯುವ ಮಳೆ, ಆರದ ತೇವ, ಇದರಲ್ಲೇ ಆ ರೋಗ ಹಬ್ಬುವುದು. ಎಲೆಗೆ ಅಂಟಿಸುವ ಸೆನ್ಸರುಗಳು ಹೊರಗಡೆ ಬಂದಿವೆ. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ್ದು ಎಲೆಯ ಅಡಿಗೆ ಅಂಟಿಸುವಂಥದ್ದು, ಬೆಳ್ಳಿಯ ನ್ಯಾನೊ ತಂತಿಯದ್ದು; ಟೊಮೆಟೊ ಗಿಡದ ವೈರಸ್ ರೋಗವನ್ನು ಕಣ್ಣಿಗೆ ಕಾಣುವ ಮೊದಲೇ ಹಿಡಿಯಿತು. ಆದರೆ ಟೊಮೆಟೊ ಗಿಡ ಸೊಂಟದೆತ್ತರ. ಅಡಿಕೆ ಮರ ನಲವತ್ತು ಅಡಿ. ನಿನ್ನ ಪಟ್ಟಿಯನ್ನು ಅಲ್ಲಿಗೆ ಹೊತ್ತೊಯ್ಯುವವರು ಯಾರು? ಮರ ಹತ್ತುವ ಜನ ಸಿಗದೆ ನಾವು ಕಾರ್ಬನ್ ಫೈಬರ್ ದೋಟಿ ತಂದುಕೊಂಡಿದ್ದೇವೆ. (ಇಂಗಾಲ ವಿದ್ಯುತ್ ಹರಿಸುತ್ತದೆಯೇ ಎಂಬ ಸಂಶಯ ಯಾರಿಗಾದರೂ ಇದ್ದರೆ ಆ ದೋಟಿಯನ್ನು ಲೈನಿನ ಹತ್ತಿರ ಒಯ್ಯಬೇಡಿ ಎಂದು ಕಲಿಸುವವರು ಗಂಟಲು ಹರಿದುಕೊಳ್ಳುವುದನ್ನು ಕೇಳಿಸಿಕೊಳ್ಳಲಿ.) ಒಂದು ಮರಕ್ಕೆ ಮದ್ದಿನವನು ಹತ್ತುವುದು ಮಳೆಗೆ ಮೊದಲು ಒಮ್ಮೆ, ಮತ್ತೆ 40-45 ದಿನ ಕಳೆದು ಇನ್ನೊಮ್ಮೆ. ಹಾಗಾದರೆ ನಿನ್ನ ಪಟ್ಟಿಯ ಆಯುಷ್ಯ ಗೊತ್ತಾಯಿತಲ್ಲ: 45 ದಿನ, ಅದೂ ಸುಳ್ಯದ ಆಷಾಢದ ಮಳೆಯಲ್ಲಿ. ಅವನು ಬಿಡುವ ಮದ್ದು ಪಟ್ಟಿಯ ಮೇಲೂ ಬೀಳುತ್ತದೆ ಎಂದು ಮರೆಯಬೇಡ. ತಾಮ್ರವೂ ಸುಣ್ಣವೂ ಒಣಗಿ ಪೊರೆ ಕಟ್ಟಿದ ಮೇಲೆ ನಿನ್ನ ಸೆನ್ಸರ್ ಒದ್ದೆ ಎನ್ನುತ್ತದೋ ಒಣ ಎನ್ನುತ್ತದೋ ಪರೀಕ್ಷಿಸಿದ್ದೀಯಾ?

ಬೆಳ್ಳಿಗೆ ಮಳೆಗಾಲ ಆಗಿಬರುವುದಿಲ್ಲ. ಎರಡು ಗೆರೆಗಳ ನಡುವೆ ತೇವ ಕೂತು, ಒಂದೇ ದಿಕ್ಕಿನ ವೋಲ್ಟೇಜ್ ಇದ್ದರೆ, ಬೆಳ್ಳಿ ಅಯಾನಾಗಿ ಒಂದು ಗೆರೆಯಿಂದ ಹೊರಟು ಇನ್ನೊಂದರ ಮೇಲೆ ಕವಲು ಕವಲಾಗಿ ಬೆಳೆಯುತ್ತದೆ, ಕೊನೆಗೆ ಎರಡನ್ನೂ ತಾಗಿಸಿ ಶಾರ್ಟ್ ಮಾಡುತ್ತದೆ. ಗಂಧಕ ತಾಗಿದರೆ ಕಪ್ಪಾಗುತ್ತದೆ, ಹಾಗಾಗಿ ಗಂಧಕ ಹಾಕಿ ಹದಗೊಳಿಸಿದ ರಬ್ಬರಿನ ಮೇಲೆ ಬೆಳ್ಳಿ ಎಳೆಯುವುದಾದರೆ ಎಚ್ಚರ. ಗ್ರಾಫೀನ್ ಶಾಯಿಗೆ ಈ ಎರಡು ಕಾಟವೂ ಇಲ್ಲ. 2012ರಲ್ಲಿ ಕೇಂಬ್ರಿಜ್‌ನವರು ಅದನ್ನೂ ಇಂಕ್‌ಜೆಟ್ಟಿನಲ್ಲಿ ಅಚ್ಚು ಹಾಕಿದರು. ಬೆಳ್ಳಿಯಷ್ಟು ಕರೆಂಟು ಹರಿಸದು, ಆದರೆ ತೇವ ಅಳೆಯಲು ಅಷ್ಟು ಬೇಕಾಗಿಯೂ ಇಲ್ಲ. ಬೆಳ್ಳಿಯೇ ಬೇಕಾದರೆ ಮೇಲೊಂದು ರಕ್ಷೆಯ ಪೊರೆ ಹಾಕು, ಕೆಪಾಸಿಟನ್ಸ್ ಅಳೆ, ವೋಲ್ಟೇಜ್ ದಿಕ್ಕು ಬದಲಿಸುತ್ತಾ ಇರು. ಕಂಪನಿಗಳು 85 ಡಿಗ್ರಿ ತಾಪ, ಶೇಕಡಾ 85 ತೇವದ ಪೆಟ್ಟಿಗೆಯಲ್ಲಿ 1000 ಗಂಟೆ ಇಟ್ಟು ನೋಡುತ್ತವೆ. ನಿನ್ನಲ್ಲಿ ಆ ಪೆಟ್ಟಿಗೆ ಇಲ್ಲ, ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಅಟ್ಟ ಇದೆ. ಬಿಸಿಯ ಪರೀಕ್ಷೆ ಅಲ್ಲಾಗದು, ತೇವದ್ದಾಗುತ್ತದೆ. ಪಟ್ಟಿಗಳ ಒಂದು ಕಟ್ಟು ತಂದು ತೂಗಿಸಿ ಹೋಗು, ವಾರಕ್ಕೊಮ್ಮೆ ಅಳೆದು ಬರೆದಿಡುವ ಕೆಲಸ ನನ್ನದು.

ಸಂಪಾಜೆ, ಅರಂತೋಡು, ಮರ್ಕಂಜದ ಕಡೆ ಹಳದಿ ಎಲೆ ರೋಗದಿಂದ ತೋಟವೇ ಹೋದವರಿದ್ದಾರೆ. ನಿನ್ನ ಪ್ರಾಜೆಕ್ಟಿನ ಮೊದಲ ಪುಟದಲ್ಲಿ ಅವರ ಹೆಸರು ಹೇಳಿ, ಕೊನೆಯ ಪುಟದಲ್ಲಿ ಅವರಿಗೆ ಪರಿಹಾರ ಕೊಟ್ಟಂತೆ ಬರೆಯಬೇಡ. ತೇವ ಅಳೆಯುವ ಪಟ್ಟಿ ಕೊಳೆರೋಗಕ್ಕೆ ಉಪಯೋಗವಾದೀತು, ಹಳದಿ ಎಲೆ ರೋಗಕ್ಕಲ್ಲ. ಏನು ಅಳೆದರೆ ಬೆಳೆಗಾರನಿಗೆ ಪ್ರಯೋಜನ ಎಂದು ವಿಟ್ಲದ ಸಿಪಿಸಿಆರ್‌ಐಗೆ ಹೋಗಿ ಅಲ್ಲಿನ ವಿಜ್ಞಾನಿಗಳನ್ನು ಮೊದಲೇ ಕೇಳು. ಪ್ರಾಜೆಕ್ಟು ಮುಗಿದ ಮೇಲೆ ಹೋಗಿ ಸರ್ಟಿಫಿಕೇಟ್ ಕೇಳಬೇಡ.

ಮುಂದೆ ಎಲ್ಲಿ ಓದುವುದು ಎಂದು ನಿನ್ನ ಅಪ್ಪ ಫೋನಿನಲ್ಲಿ ಕೇಳಿದ. ಬೆಂಗಳೂರಿನ ಐಐಎಸ್‌ಸಿಯ ನ್ಯಾನೊ ವಿಜ್ಞಾನ ಕೇಂದ್ರ, ಜಕ್ಕೂರಿನ ಕೇಂದ್ರ, ಬೆಂಗಳೂರಿನದ್ದೇ ಸೆನ್ಸ್ (CeNS) ಸಂಸ್ಥೆ, ಕಾನ್ಪುರ ಐಐಟಿಯಲ್ಲಿ ಬಾಗುವ ಎಲೆಕ್ಟ್ರಾನಿಕ್ಸ್‌ಗೆಂದೇ ಇರುವ ರಾಷ್ಟ್ರೀಯ ಕೇಂದ್ರ, ಇವೆಲ್ಲ ಇವೆ. ಹತ್ತಿರದಲ್ಲಿ ಮಣಿಪಾಲದ ಎಂಐಟಿಯನ್ನು ಮರೆಯಬೇಡ. ಮುದ್ರಣವನ್ನೇ ಎಂಜಿನಿಯರಿಂಗ್ ವಿಷಯವಾಗಿ ಕಲಿಸಿದ ಜಾಗ ಅದು, ಶಾಯಿ-ಕಾಗದದ ಸಂಬಂಧ ಬಲ್ಲವರು ಅಲ್ಲಿ ಸಿಗುತ್ತಾರೆ. ನಮ್ಮ ಕರಾವಳಿಗೆ ಅಚ್ಚು ಹೊಸತಲ್ಲ ಬಿಡು. 1843ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಕಲ್ಲಚ್ಚಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದರು. ಕಲ್ಲಿನ ಮೇಲೆ ಎಣ್ಣೆ, ನೀರು ಒಂದನ್ನೊಂದು ದೂರವಿಡುವ ಗುಣವೇ ಕಲ್ಲಚ್ಚಿನ ಆಧಾರ. ಅದೂ ಒದ್ದೆ ಕೆಲಸವೇ. ಸಂದರ್ಶನದಲ್ಲಿ ಹೋದಲ್ಲೆಲ್ಲ ಒಂದು ಪ್ರಶ್ನೆ ನೀನೂ ಕೇಳು: ಇಲ್ಲಿ ಶಾಯಿಯನ್ನು ನೀವೇ ಮಾಡುತ್ತೀರೋ, ಕೊಂಡು ತರುತ್ತೀರೋ? ಮಾಡುವ ಕಡೆ ಸೇರು.

ಕೊನೆಗೆ ಲ್ಯಾಬಿನ ಕೊಳೆನೀರಿನ ವಿಷಯ. ಪಾತ್ರೆ ತೊಳೆದ ನೀರನ್ನು ಸಿಂಕಿಗೆ ಬಿಡಬೇಡ. ಬೆಳ್ಳಿ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಸಿಂಕಿನದ್ದು ತೋಡಿಗೆ, ತೋಡಿನದ್ದು ಹೊಳೆಗೆ. ಸಿಲ್ವರ್ ನೈಟ್ರೇಟಿನ ಉಳಿಕೆಗೆ ಉಪ್ಪು ಹಾಕು, ಬೆಳ್ಳಿ ಬಿಳಿ ಕ್ಲೋರೈಡಾಗಿ ತಳ ಸೇರುತ್ತದೆ, ಸೋಸಿ ತೆಗೆದಿಡಬಹುದು. ಅಮೋನಿಯ ಬೆರೆತ ಬೆಳ್ಳಿ ದ್ರಾವಣದ ಉಳಿಕೆಯನ್ನು ಮಾತ್ರ ಯಾವ ಕಾರಣಕ್ಕೂ ಮರುದಿನಕ್ಕೆ ಇಡಬೇಡ, ಒಣಗಲು ಬಿಡಬೇಡ. ಅದರಲ್ಲಿ ಹುಟ್ಟುವ ಕಪ್ಪು ಪುಡಿ ಮುಟ್ಟಿದರೆ ಸಿಡಿಯುವಂಥದ್ದು. ಅದೇ ದಿನ, ಮೇಡಂ ಎದುರಿಗೇ, ತೆಳು ಆಸಿಡ್ ಹಾಕಿ ಅಮೋನಿಯವನ್ನು ಮುಗಿಸಿ, ಆಮೇಲೆ ಉಪ್ಪು. ಕೊಳೆ ತುಂಬುವ ಕ್ಯಾನಿಗೆ ಏನಿದೆ, ಯಾವ ದಿನದ್ದು ಎಂದು ಚೀಟಿ ಅಂಟಿಸು. ನಮ್ಮ ಶೆಡ್ಡಿನಲ್ಲಿ ರಬ್ಬರ್ ಆಸಿಡಿನ ಖಾಲಿ ಕ್ಯಾನು ರಾಶಿ ಇದೆಯೆಂದು ಅದನ್ನು ಕೊಂಡುಹೋಗಬೇಡ. ಹೊಸತು ತೆಗೆದುಕೋ, ಅದರ ದುಡ್ಡು ನಾನು ಕೊಡುತ್ತೇನೆ.

ನಿನ್ನ ಸೋದರಮಾವ,
ಬೆಳ್ಳಾರೆ